ಸೀರೆಗೆ ಒಂಬತ್ತು ದಿನ, ಕಣ್ಣಿಗೆ ಒಂದು

೧೯೮೬ನೇ ಇಸವಿ ಜೂನ್ ೧೪, ಶನಿವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಜ್ಜಿಯ ಚಿತ್ರ ಶುರು ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಅವರನ್ನು ಕೂರಿಸಿದ್ದೆ. ಅವರು ಮೈಸೂರಿಗೆ ಹಿಂತಿರುಗಲು ಹದಿನೈದು ದಿನವಿತ್ತು. ಅಷ್ಟರೊಳಗೆ ಅವರನ್ನು ಕಾಗದದ ಮೇಲೆ ಉಳಿಸಿಕೊಳ್ಳಬೇಕೆಂಬುದು ನನ್ನ ಹಟ.

ಮಾದರಿ, ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನಲ್ಲಿ ನೋಡಿದ್ದ ಸುಮಾರು ಇನ್ನೂರು ವರ್ಷ ಹಳೆಯ, ನಿಯೋಕ್ಲಾಸಿಕಲ್ ಕಾಲದ ಒಂದು ಪೆನ್ಸಿಲ್ ಚಿತ್ರ. ನಿಂತಿರುವ ಹೆಂಗಸು. ಮುಖವನ್ನು ಕೂದಲೆಳೆಯಷ್ಟೂ ಬಿಡದೆ ತಿದ್ದಿದ್ದರು; ಉಡುಪಿಗೆ ಮಾತ್ರ ಹತ್ತೊಂಬತ್ತು ಗೆರೆ. ಎಣಿಸಿದ್ದೆ. ಅಷ್ಟರಲ್ಲೇ ಮೊಣಕಾಲು ಎಲ್ಲಿದೆ, ಮೈಭಾರ ಯಾವ ಕಾಲಿನ ಮೇಲಿದೆ ಎಂಬುದು ತಿಳಿಯುತ್ತಿತ್ತು.

ನಾನು ಕಣ್ಣಿನಿಂದ ಶುರು ಮಾಡಿದ್ದೇ ತಪ್ಪಾಯಿತು. ಅಜ್ಜಿ ಎದ್ದು ಬಂದು ನೋಡಿದರು.

"ಅಯ್ಯೋ, ಅಳಿಸೇ! ಮೈಯೇ ಇಲ್ದೆ ಕಣ್ಣು ಬಿಟ್ಕೊಂಡು ನೋಡ್ತಿದೀನಲ್ಲೇ, ದೆವ್ವದ ಥರ!"

ಅವರ ತಂದೆ ಮೈಸೂರಿನಲ್ಲಿ ದೇವರ ಪಟ ಬರೆಯುತ್ತಿದ್ದವರು. ಆ ಮನೆಯಲ್ಲಿ ಪಟದ ಕಣ್ಣು ತೆರೆಯುವುದು, ಎಂದರೆ ಕಣ್ಣು ಬರೆಯುವುದು, ಕಟ್ಟಕಡೆಗೆ. ಸ್ನಾನ ಮಾಡಿ ಬಂದು ತಂದೆಯೊಬ್ಬರೇ ತೆರೆಯಬೇಕು. ಹೆಣ್ಣುಮಕ್ಕಳು ಬಣ್ಣ ಅರೆದುಕೊಟ್ಟು ದೂರ ನಿಲ್ಲಬೇಕು.

ಅಳಿಸಿ, ಸೀರೆಯಿಂದ ತೊಡಗಿದೆ. ಕೆಲವೇ ಗೆರೆಗೆ ನಿಲ್ಲಿಸಿದರೆ, "ಜರಿ ಎಲ್ಲೇ? ನಿಮ್ಮಮ್ಮನ ನೈಟಿ ಹಾಕ್ಕೊಂಡು ಕೂತಿದೀನಾ?" ಎಂದರು. ಹೀಗೆ ಅಂಚಿಗೂ ನೆರಿಗೆಗೂ ಒಂಬತ್ತು ದಿನ, ಒಟ್ಟು ಎಂಟು ಗಂಟೆ ನಲವತ್ತು ನಿಮಿಷ ಹೋಯಿತು. ಕೈಗಳಿಗೆ ಎರಡು ದಿನ. ಮೂಗು, ಬಾಯಿಗೆ ಮೂರು. ಒಂದು ದಿನ ಪೂರ್ತಿ ಪ್ಯಾಕಿಂಗಿಗೆ. ಈ ಲೆಕ್ಕವೆಲ್ಲ ಬರೆದಿಟ್ಟ ನನ್ನ ಡೈರಿಯ ಆ ಪುಟಗಳನ್ನು ತೆರೆದರೆ ಈಗಲೂ ಅವರ ತಲೆಯ ಹರಳೆಣ್ಣೆಯ ವಾಸನೆ ಬಂದಂತಾಗುತ್ತದೆ.

ಹೊರಡುವ ದಿನ, ೨೯ರ ಭಾನುವಾರ, ಕಣ್ಣುಗಳಷ್ಟೇ ಉಳಿದಿದ್ದವು. ಒಂದು ಮುಗಿಯುವಷ್ಟರಲ್ಲಿ ಅಪ್ಪ ಕಾರಿನ ಕೀ ಆಡಿಸುತ್ತಾ ಬಂದರು.

"ಅಮ್ಮಾ, ನಿಮ್ಮ ಫೋಟೋ ಮುಗಿಯೋವರೆಗೂ ಫ್ಲೈಟು ಕಾಯಲ್ಲ."

ನಾನು ಕಾಗದದಿಂದ ಪೆನ್ಸಿಲು ಎತ್ತಿದೆ. "ಆಗಲ್ಲ ಅಜ್ಜಿ," ಎಂದೆ.

"ಕೊಡೇ ಇಲ್ಲಿ."

ಪೆನ್ಸಿಲು ಇಸಿದುಕೊಂಡು, ಉಸಿರು ಬಿಗಿಹಿಡಿದು, ತಮ್ಮ ಎರಡನೆಯ ಕಣ್ಣನ್ನು ತಾವೇ ತೆರೆದರು. ಪಾಪೆ ಕೊಂಚ ಬಲಕ್ಕೆ ಸರಿದಿತ್ತು. "ನಮ್ಮಪ್ಪ ನೋಡಿದ್ರೆ ಕೈ ಮುರೀತಿದ್ರು," ಎಂದು ನಕ್ಕರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ತೆರೆದ ಮೊದಲ ಕಣ್ಣು ಅದು.

ನಾನದನ್ನು ತಿದ್ದಿಲ್ಲ. ಪಟ ಬರೆಯುವವರ ಮನೆಗಳಲ್ಲಿ ಹೆಂಗಸರು ಕಣ್ಣು ತೆರೆದದ್ದು ಬೇರೆಲ್ಲಾದರೂ ಉಂಟೇ? ಓದುಗರಲ್ಲಿ ಕಂಡವರು, ಕೇಳಿದವರು ನನಗೆ ಒಂದೇ ಸಾಲು ಬರೆದು ಕಳಿಸಿದರೂ ಸಾಕು.