ನಡುಗದ ಕೈ

ಅವರ ಅಂಗೈಯ ಗೆರೆಗಳಿಗೆ ಮಸಿ ಇಳಿದು ಕೂತಿತ್ತು. ಎಷ್ಟು ಉಜ್ಜಿದರೂ ಹೋಗದ ಮಸಿ. ಕೈ ಬಿಚ್ಚಿ ಹಿಡಿದರೆ ಯಾವುದೋ ನಾಡಿನ ನಕಾಶೆ ನೋಡಿದಂತಾಗುತ್ತಿತ್ತು: ಹಳ್ಳ, ಹೊಳೆ, ಕಾಲುದಾರಿ. "ದೇವರು ಬರದದ್ದು ಮಾಸಿತ್ತು, ನಾನು ಮ್ಯಾಲೊಂದು ಕೈ ತಿದ್ದೇನಿ" ಎಂದು ನಗುತ್ತಿದ್ದರು.

ಆ ಕೈ ನಡುಗುತ್ತಿತ್ತು ಎಂದು ಸವಣೂರಿನಿಂದ ಹಾನಗಲ್ಲಿನವರೆಗೆ ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ. ವಯಸ್ಸಾಯಿತು, ಕೈ ನಡುಗಿತು, ಅಚ್ಚು ತೆಗೆಯಲು ಶಾಸನದ ಕಲ್ಲಿನ ಮೇಲೆ ಹಾಸಿದ ಹಸಿ ಕಾಗದ ಹರಿಯಿತು, ಧಾರವಾಡದ ಸಾಹೇಬರು ಮತ್ತೆ ಕರೆಯಲಿಲ್ಲ. ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಚಹಾ ಮುಗಿಸಿ ಏಳುತ್ತಾರೆ. ನನಗೆ ಈ ಕಥೆಯ ಮೇಲೆ ತಕರಾರಿದೆ. ಕಾಗದ ಹರಿದ ದಿನವೇ ಬೆಳಿಗ್ಗೆ, ಹಿರೇಕೆರೂರಿನ ಬಸ್ಸು ತಗ್ಗಿನಿಂದ ತಗ್ಗಿಗೆ ಹಾರುತ್ತಿದ್ದಾಗ, ಅವರು ನನ್ನ ಅಂಗಿಯ ಕಿತ್ತುಹೋದ ಗುಂಡಿಯನ್ನು ಹೊಲಿದುಕೊಟ್ಟರು. ಸೂಜಿಯ ಕಣ್ಣಿಗೆ ದಾರ ಒಂದೇ ಸಲಕ್ಕೆ ಏರಿತು. ನಡುಗುವ ಕೈ ಮಾಡುವ ಕೆಲಸವೇ ಅದು?

ಅವರನ್ನು ನಾವು ಕಾಲೇಜಿನ ಹುಡುಗರು ಅಚ್ಚಿನ ಕಾಕಾ ಎನ್ನುತ್ತಿದ್ದೆವು. ಸವಣೂರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಮನೆತನದ ಕಸುಬು. ಉರ್ದು ಪುಸ್ತಕಗಳೇ ಹೆಚ್ಚು. ಸಾಹೇಬರು ಧಾರವಾಡದ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. ಹಳೆಯ ಶಾಸನ ಓದುವುದು ಅವರಿಗೆ ಹುಚ್ಚು. ಕಾಗದದ ಸ್ವಭಾವ ಬಲ್ಲ ಮನುಷ್ಯ ಬೇಕೆಂದು ಅವರೇ ಸವಣೂರಿಗೆ ಹುಡುಕಿಕೊಂಡು ಹೋಗಿ ಕಾಕಾನನ್ನು ಕಲ್ಲಿನ ಕೆಲಸಕ್ಕೆ ಎಳೆದಿದ್ದರು. ಕಲ್ಲನ್ನು ಧಾರವಾಡಕ್ಕೆ ಒಯ್ಯಲಾಗದು, ಅಚ್ಚನ್ನು ಒಯ್ಯಬಹುದು. ಕಾಕಾ ಕಲ್ಲು ತೊಳೆದು, ನೆನೆಸಿದ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದ ಒಳಗೆಲ್ಲ ಇಳಿದು ಕೂರುತ್ತಿತ್ತು. ಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಾಗಿಸಿದರೆ ಕಪ್ಪಿನ ನಡುವೆ ಬೆಳ್ಳಗಿನ ಅಕ್ಷರಗಳು ಒಂದೊಂದಾಗಿ ಏಳುತ್ತಿದ್ದವು, ಸಂಜೆ ಚಿಕ್ಕೆ ಮೂಡಿದ ಹಾಗೆ. ಆಮೇಲೆ ಕಾಯಬೇಕು. ಕಾಗದ ಒಣಗಿ ತಾನಾಗಿ ಕಲ್ಲನ್ನು ಬಿಡುವ ತನಕ ಕಾಯಬೇಕು.

ಬಿಚ್ಚುವಾಗ ಯಾವತ್ತೂ ಮೇಲಿನ ಬಲಗಡೆಯ ಮೂಲೆಯಿಂದ. ಕನ್ನಡ ಎಡದಿಂದ ಶುರುವಾಗುತ್ತದಲ್ಲ ಎಂದು ನಾನು ಕೆಣಕಿದರೆ, ಉರ್ದು ಪುಸ್ತಕ ಕಟ್ಟಿ ಕಟ್ಟಿ ಕೈಗೆ ಬಿದ್ದ ರೂಢಿ, ಓದುವುದು ಸಾಹೇಬರ ಕೆಲಸ, ಬಿಚ್ಚುವುದು ತನ್ನದು ಎನ್ನುತ್ತಿದ್ದರು.

ಆ ಬೇಸಿಗೆಯ ರಜೆಯ ಕೊನೆಗೆ ನಾನು ಹತ್ತಿಮತ್ತೂರಿನ ಮನೆಯಲ್ಲಿದ್ದೆ. ಸಾಹೇಬರ ಕಾರ್ಡು ಬಂತು: ಕಾಕಾನ ಜೊತೆ ಹೋಗು, ಅಚ್ಚು ತೆಗೆಯುವ ಮುನ್ನ ಕಲ್ಲಿನ ಮೇಲಿನ ಸಾಲುಗಳನ್ನು ಕಣ್ಣಾರೆ ನೋಡಿ ವಹಿಯಲ್ಲಿ ಇಳಿಸಿಕೋ. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೇವರು ಇದ್ದಾನೆ ಎಂದು ಐದು ನಿಮಿಷ, ಇಲ್ಲ ಎಂದು ಐದು ನಿಮಿಷ, ಎರಡಕ್ಕೂ ಚಪ್ಪಾಳೆ ಗಿಟ್ಟಿಸುತ್ತಿದ್ದವನು. ಭೇಟಿಯಾದ ಒಂದು ಗಂಟೆಯೊಳಗೆ ಕಾಕಾ ನನಗೆ ವಕೀಲ ಎಂದು ಹೆಸರಿಟ್ಟರು.

ಮೊದಲು ಹಾನಗಲ್ಲು. ಅವರ ಹಿಂದೆ ನಡೆದ ಆ ಎರಡು ದಿನ ನನಗೆ ಈಗಲೂ ಪೂರ್ತಿ ಎಚ್ಚರದಲ್ಲಿ ಕಂಡದ್ದು ಅನಿಸುವುದಿಲ್ಲ. ಕೋಟೆಯ ಕಂದಕದಲ್ಲಿ ಹುಲ್ಲು ಎದೆಯುದ್ದ ಬೆಳೆದಿತ್ತು. ಅದರೊಳಗೆ ಎಮ್ಮೆಗಳ ಬೆನ್ನು ಮಾತ್ರ ದೋಣಿಗಳಂತೆ ತೇಲುತ್ತಿದ್ದವು. ಯಾರದೋ ಹಿತ್ತಲಿನ ಗೋಡೆಯಲ್ಲಿ ಒಬ್ಬ ಕಲ್ಲಿನ ವೀರ ತಲೆಕೆಳಗಾಗಿ ಕುದುರೆ ಓಡಿಸುತ್ತಿದ್ದ, ಮೇಲೆ ಬೆರಣಿ ತಟ್ಟಿದ್ದರು. ತಾರಕೇಶ್ವರನ ಗುಡಿಯಲ್ಲಿ ಕಾಕಾ ನನ್ನನ್ನು ನೆಲದ ಮೇಲೆ ಅಂಗಾತ ಮಲಗಿಸಿದರು, ತಾವೂ ಪಕ್ಕದಲ್ಲಿ ಮಲಗಿದರು. ಮೇಲೆ ಛತ್ತಿನ ನಡುವೆ ಕಲ್ಲಿನ ಕಮಲ ಕೆಳಮುಖವಾಗಿ ಇಳಿಬಿದ್ದಿತ್ತು. ತಣ್ಣನೆ ನೆಲ, ಪಾರಿವಾಳಗಳ ಗುಟುರು. ನೋಡುತ್ತ ನೋಡುತ್ತ ಮೇಲು ಕೆಳಗೆ ಅದಲುಬದಲಾಗಿ, ನಾವೇ ಯಾವುದೋ ಕೆರೆಯ ಮೇಲೆ ತೇಲುತ್ತ ಬಗ್ಗಿ ಹೂವು ನೋಡುತ್ತಿದ್ದಂತಾಯಿತು. ಪೂಜಾರಿ ನಮ್ಮನ್ನು ಬಳಸಿಕೊಂಡು ಹೋಗಿ ದೀಪಕ್ಕೆ ಎಣ್ಣೆ ಹಾಕಿದ. ಅವನಿಗೆ ಇದು ಹೊಸದಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಇದೇ ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎನ್ನುತ್ತಾರಲ್ಲ, ಅದಕ್ಕೆ ಒಂದಾದರೂ ಪುರಾವೆ ಇದೆಯೇ ಎಂದು ಹಿಡಿದುಕೊಂಡೆ. ಕಾಕಾ ಕಮಲದಿಂದ ಕಣ್ಣು ತೆಗೆಯಲಿಲ್ಲ.

"ವಕೀಲರ, ಅವರು ಬಂದದ್ದು ಅಡಗಾಕ. ಕುರುಹು ಬಿಟ್ಟ ಹೋಗಿದ್ರ ಅದೆಂಥಾ ಅಡಗೂದ್ರಿ?"

ಸೋಲುವುದು ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಬಸ್ಸಿನಲ್ಲಿ ಹಿರೇಕೆರೂರು, ಅಲ್ಲಿಂದ ಚಕ್ಕಡಿಯಲ್ಲಿ ಮಾಸೂರಿನ ಕಡೆಗೆ, ಕೊನೆಗೆ ನಡಿಗೆ. ಅಲ್ಲಿ ಗುಡ್ಡಗಳು ಒಂದರ ಬೆನ್ನಿಗೆ ಒಂದು ಕೂತಿವೆ. ಹತ್ತಿರದ್ದು ಹಸಿರು, ಅದರಾಚೆಯದು ನೀಲಿ, ಅದರಾಚೆಯದು ಗುಡ್ಡವೋ ಮೋಡವೋ ಹೇಳಲು ಬಾರದು. ಎರಡು ಗುಡ್ಡಗಳ ಸಂದಿನಲ್ಲಿ ಒಂದು ಸಣ್ಣ ಕೆರೆ. ಆ ವರ್ಷ ಅದರ ಏರಿಯನ್ನು ಎತ್ತರಿಸಿದ್ದರು. ಕೆರೆಯಂಗಳದಲ್ಲಿದ್ದ ಶಾಸನದ ಕಲ್ಲು ಮಳೆಗಾಲ ಹಿಡಿದರೆ ನೀರಿನೊಳಗೆ, ಮತ್ತೆ ಹೊರಗೆ ಬರುವುದಿಲ್ಲ. ಸಾಹೇಬರ ಅವಸರಕ್ಕೆ ಅದೇ ಕಾರಣ. ಪಡುವಣದಲ್ಲಿ ಮೋಡಗಳು ಆಗಲೇ ಗುಡ್ಡದ ಹೆಗಲೇರಿದ್ದವು.

ಕಾಕಾ ಯಾವ ಕಲ್ಲಿಗೇ ಹೋದರೂ ಮೊದಲು ಕೊನೆಯ ಸಾಲನ್ನು ಬೆರಳಿನಿಂದ ಮುಟ್ಟುತ್ತಿದ್ದರು. ಹಳೆಯ ಲಿಪಿ ಅವರಿಗೆ ಓದಲು ಬಾರದು, ಆದರೆ ಕೆತ್ತಿದವನ ಹೆಸರು ಇದ್ದರೆ ಅಲ್ಲೇ ಇರುತ್ತದೆ ಎಂಬುದನ್ನು ಸಾಹೇಬರಿಂದ ತಿಳಿದಿದ್ದರು. ಈ ಕಲ್ಲಿನಲ್ಲಿ ಹೆಸರಿತ್ತು. ಕೆತ್ತಿದವನ ಬಿರುದಿನವರೆಗೆ ನಾನು ಓದಿ ಹೇಳಿದೆ, ಮುಂದಿನ ಹೆಸರಿನ ಸವೆದ ಅಕ್ಷರಗಳನ್ನು ಕೂತು ಬಿಡಿಸಬೇಕಿತ್ತು. ಕಾಕಾನ ಮುಖ ಅರಳಿತು.

"ರಾಜರ ಹೆಸರು ಬೇಕಾದಷ್ಟು ಕಲ್ಲಿನ್ಯಾಗ ಅದಾವ್ರಿ. ಬಿಸಲಾಗ ಕುಂತು ಕೆತ್ತಿದಾಂವ ಸಿಗೂದು ಅಪರೂಪ. ಮೊದಲ ಅವನ್ನ ಬರಕೊಳ್ರಿ."

ನಾನು ಬರೆದುಕೊಳ್ಳಲಿಲ್ಲ. ಹೇಗೂ ಅಚ್ಚಿನಲ್ಲಿ ಬರುತ್ತದೆ, ಕಣ್ಣಿನಿಂದ ಮತ್ತೆ ಬರೆಯುವುದು ಯಾಕೆ ಎಂದು ವಾದ ಹೂಡಿದೆ. ಕಾಕಾ ನಕ್ಕು ಕಾಗದ ನೆನೆಸಲು ಹೋದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಚ್ಚು ಮುಗಿದಿತ್ತು. ಆದರೆ ಗಾಳಿಯಲ್ಲಿ ತೇವ, ಕಾಗದ ಒಣಗಲೊಲ್ಲದು. ಮಂಜು ಗುಡ್ಡದಿಂದ ಇಳಿದು ಬಂದು ಕೆರೆಯಂಗಳವನ್ನು ನೆಕ್ಕುತ್ತಿತ್ತು. ಆಚೆ ಇಳಿಜಾರಿನಲ್ಲಿ ಕುರಿಯವನೊಬ್ಬ ಕಂಡ. ಅವನ ಕಂಬಳಿ ಇಸಿದುಕೊಂಡು ಬಂದು ಕಲ್ಲಿಗೆ ಹೊದಿಸುತ್ತೇನೆ, ಅಲ್ಲಿಯವರೆಗೆ ಮುಟ್ಟಬಾರದು ಎಂದು ಹೇಳಿ ಕಾಕಾ ಹೊರಟರು. ಮಂಜು ಅವರನ್ನು ಕಾಲಿನಿಂದ ಮೇಲಕ್ಕೆ ಅಳಿಸುತ್ತ ಹೋಗಿ ಕೊನೆಗೆ ಟೊಪ್ಪಿಗೆಯೊಂದೇ ಉಳಿಯಿತು, ಅದೂ ಹೋಯಿತು.

ನಾಲ್ಕು ಹನಿ ಬಿದ್ದವು. ನಾನು ಯೋಚಿಸಿದ್ದು ಹೀಗೆ: ಮಳೆ ಬಂದರೆ ಇಡೀ ಕಾಗದ ಹೋಗುತ್ತದೆ, ಈಗ ಬಿಚ್ಚಿದರೆ ಹೆಚ್ಚೆಂದರೆ ಅಂಚು ಹರಿಯಬಹುದು. ಆದ್ದರಿಂದ ಈಗಲೇ ಬಿಚ್ಚುವುದು ಸರಿ. ವಾದದಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ನನ್ನ ಕಾಲ ಬಳಿಯಿದ್ದ ಕೆಳಗಿನ ಎಡಮೂಲೆಯನ್ನು ಹಿಡಿದು ಎತ್ತಿದೆ. ಕಾಗದ ಸದ್ದೇ ಮಾಡಲಿಲ್ಲ. ಕೊನೆಯ ಸಾಲು ಕಲ್ಲಿಗೇ ಅಂಟಿ ಮುದ್ದೆಯಾಗಿ ಉಳಿಯಿತು.

ಕಾಕಾ ಕಂಬಳಿ ಹೊತ್ತು ಬಂದಾಗಲೂ ಮಳೆ ಬಂದಿರಲಿಲ್ಲ. ಅವರು ಮುದ್ದೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಕಂಬಳಿಯನ್ನು ಉಳಿದ ಕಾಗದಕ್ಕೆ ಹೊದಿಸಿ ಪಕ್ಕದಲ್ಲಿ ಕೂತರು. ಅದು ಒಣಗಿ ಬಿಟ್ಟುಕೊಂಡಿತು, ಅದನ್ನು ಸುತ್ತಿ ಚೀಲಕ್ಕೆ ಹಾಕಿದರು. ಕೊನೆಯ ಸಾಲಿಗೆ ಹೊಸ ಕಾಗದ ನೆನೆಸುತ್ತಿದ್ದಾಗ ಮಳೆ ಬಂತು, ಆ ಸಂಜೆ ನಿಲ್ಲಲಿಲ್ಲ, ಮರುದಿನವೂ ನಿಲ್ಲಲಿಲ್ಲ. ಮಂಜಿನೊಳಗೆ ಕೆರೆ ಮೆಲ್ಲಗೆ ಹಿಗ್ಗಿ ಕಲ್ಲಿನ ಹತ್ತಿರ ಬಂದು ಅದನ್ನು ತನ್ನೊಳಗೆ ಕರೆದುಕೊಂಡಿತು. ಏರಿಯ ಮೇಲೆ ನಿಂತು ನಾವಿಬ್ಬರೂ ನೋಡಿದೆವು.

ಧಾರವಾಡದಲ್ಲಿ ಸಾಹೇಬರು ಅಚ್ಚನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಬೆಳಗಾವಿಯ ಚರ್ಚಾಸ್ಪರ್ಧೆಗೆ ಯಾರನ್ನು ಕಳಿಸಬೇಕೆಂದು ಅವರು ನಿರ್ಧರಿಸುವ ವಾರ ಅದು. ನಾನು ಬಾಯಿ ತೆರೆಯುವ ಮುನ್ನ, ತೆರೆಯುತ್ತಿದ್ದೆನೋ ಇಲ್ಲವೋ, ಕಾಕಾ ಹೇಳಿದರು:

"ನನ್ನ ಕೈ ನಡುಗಿತ್ರಿ ಸಾಹೇಬ್ರ. ವಯಸ್ಸಾತು."

ಊರೆಲ್ಲ ಹೇಳುವ ಕಥೆ ಹುಟ್ಟಿದ್ದು ಅಲ್ಲಿ. ಅದರ ಎದುರು ನಿಂತು ಐದು ನಿಮಿಷ ಮಾತಾಡಬಲ್ಲವನಾಗಿದ್ದೆ, ಒಂದು ಶಬ್ದ ಆಡಲಿಲ್ಲ. ಬೆಳಗಾವಿಗೆ ಹೋದೆ, ಗೆದ್ದು ಕಪ್ಪು ಹಿಡಿದು ಬಂದೆ. ಕಾಕಾನಿಗೆ ಮತ್ತೆ ಕರೆ ಬರಲಿಲ್ಲ. ಸಾಹೇಬರ ಪುಸ್ತಕದಲ್ಲಿ ಆ ಶಾಸನದ ಕೆಳಗೆ 'ಕೊನೆಯ ಸಾಲು ನಶಿಸಿದೆ' ಎಂದು ಅಚ್ಚಾಯಿತು. ಕೆತ್ತಿದವನೂ ಇಲ್ಲ, ಅಚ್ಚು ತೆಗೆದವನೂ ಇಲ್ಲ.

ಎರಡು ವರ್ಷದ ಮೇಲೆ ಸವಣೂರಿಗೆ ಹೋದೆ, ನನ್ನ ಭಾಷಣದ ಹಾಳೆಗಳನ್ನು ಕಟ್ಟಿಸುವ ನೆಪದಲ್ಲಿ. ಕಾಕಾ ಕುಗ್ಗಿದ್ದರು. ಆದರೆ ಹೊಲಿಗೆ ಗೆರೆ ಎಳೆದಂತಿತ್ತು. ಕಲ್ಲಿನ ಕೆಲಸ ನೆನಪಾಗುತ್ತದೆಯೇ ಎಂದೆ. ಗುಡ್ಡ ನೆನಪಾಗುತ್ತವೆ, ಕನಸಿನಲ್ಲಿ ಆ ಕಲ್ಲು ನೀರಿನೊಳಗೆ ಬೆಳ್ಳಗೆ ಕಾಣುತ್ತದೆ, ಕೊನೆಯ ಸಾಲಿನ ಹತ್ತಿರ ಮೀನು ಸುಳಿಯುತ್ತಿರುತ್ತವೆ ಎಂದರು. ಪುಸ್ತಕ ಕೈಗಿಡುವಾಗ ವಕೀಲ ಎನ್ನಲಿಲ್ಲ.

"ಕೊನಿಗೆ ನಾಕು ಹಾಳಿ ಖಾಲಿ ಬಿಟ್ಟೇನಿ, ತಮ್ಮಾ. ಮಾತು ಮುಗದ ಮ್ಯಾಲ ಒಮ್ಮೊಮ್ಮೆ ಹೇಳೂದು ಇರ್ತೈತಿ."

ಕಳೆದ ಚಳಿಗಾಲ ಅವರು ತೀರಿಕೊಂಡರು. ದೇಹ ತೊಳೆದವರು ಎಷ್ಟು ಉಜ್ಜಿದರೂ ಅಂಗೈಯ ಮಸಿ ಹೋಗಲಿಲ್ಲವಂತೆ.

ಮಣ್ಣು ಕೊಟ್ಟು ಬಂದವನು ಮರುವಾರ ಸಾಹೇಬರ ಮನೆಗೆ ಹೋದೆ. ಕಾಗದ ಹರಿದದ್ದು ನಾನು ಎಂದೆ. ಇಷ್ಟು ವರ್ಷ ಹೊತ್ತದ್ದು ಅಷ್ಟು ಚಿಕ್ಕ ವಾಕ್ಯವಾಗಿತ್ತು. ಸಾಹೇಬರಿಗೆ ಆಶ್ಚರ್ಯವಾಗಲಿಲ್ಲ. ಕಪಾಟಿನಿಂದ ಆ ಅಚ್ಚನ್ನು ತೆಗೆದು ಮೇಜಿನ ಮೇಲೆ ಹರಡಿದರು, ಕೆಳಗಿನ ಎಡಮೂಲೆಯ ಮೇಲೆ ಬೆರಳಿಟ್ಟರು.

"ಅಂವ ಜನ್ಮದಾಗ ಈ ಕಡಿಯಿಂದ ಬಿಚ್ಚಿದವನಲ್ಲ. ನನಗ ಅವತ್ತ ಗೊತ್ತಾಗಿತ್ತು. ಆದ್ರ ಬೆಳಗಾವಿಗೆ ನೀನ ಬೇಕಾಗಿದ್ದಿ."

ಕಿಟಕಿಯ ಗಾಳಿಗೆ ಕಾಗದ ಏಳುತ್ತಿತ್ತು. ಸಾಹೇಬರು ಅದನ್ನು ಎರಡೂ ಕೈಯಿಂದ ಸವರಿ ಸವರಿ ಕೂರಿಸುತ್ತಿದ್ದರು. ನಾನು ಕೇಳಿದೆ:

"ಗೊತ್ತಿದ್ದೂ ಅವರನ್ನ ಮತ್ತ ಯಾಕ ಕರೀಲಿಲ್ರಿ?"