ತಾನಾಗಿ ಬೆಳೆದ ಫೋಟೊ

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಚಾಚಾ ಒಬ್ಬರಿಗೆ ನಾನು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಮೊದಲ ಪುಟದಲ್ಲಿ ತೀರಿಕೊಂಡ ತಮ್ಮ ಹೆಂಡತಿಯ ಫೋಟೊ ಇರಬೇಕು ಎಂಬುದು ಅವರ ಆಸೆ. ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದುದು ಆಕೆಯೇ. ಫೋಟೊದಲ್ಲಿ ಕುಂಚ ಹಿಡಿದು ನೇರವಾಗಿ ನೋಡುತ್ತಿದ್ದರು.

ಅಂದು ಮಧ್ಯಾಹ್ನ ಕರೆಂಟ್ ಹೋಗಿ, ಅವರ ಮನೆಯಲ್ಲಿ ಮರ ಕಡೆಯುವ ಲೇತ್ ನಿಂತಿತ್ತು. ಚಾಚಾ ನನ್ನ ಲ್ಯಾಪ್‌ಟಾಪ್ ಮುಂದೆ ಕೂತು ಪುಟ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಅಂದರು:

"ಬೇಟಾ, ಇವಳು ಹತ್ರ ಬತ್ತಾವ್ಳೆ."

ಬಗ್ಗಿ ನೋಡಿದೆ. ಯಾರೂ ಮುಟ್ಟದೆ ಫೋಟೊ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬೆಳೆಯುತ್ತಿತ್ತು. ಕುಂಚ ಪರದೆಯಿಂದ ಆಚೆ ಹೋಯಿತು. ಮುಖವೇ ತುಂಬಿಕೊಂಡಿತು. ಕಾರಣ ನನಗೆ ಗೊತ್ತಿತ್ತು. ಫೋಟೊ ಅದರ ಚೌಕಟ್ಟಿನ ನೂರು ಪರ್ಸೆಂಟ್ ಎತ್ತರ ಇರಲಿ ಎಂದು ಪುಟದ ಕೋಡ್‌ನಲ್ಲಿ ಬರೆದಿದ್ದೆ. ಪುಟದೊಳಗೆ ಓಡುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಆ ಫೋಟೊವನ್ನೇ ಅಳೆದು, ಅಂಚಿನ ಅಗಲವನ್ನೂ ಕೂಡಿಸಿ, ಚೌಕಟ್ಟಿಗೆ ಎತ್ತರ ಕೊಡುತ್ತಿತ್ತು. ಚೌಕಟ್ಟು ಬೆಳೆದಂತೆ ಫೋಟೊ, ಫೋಟೊ ಬೆಳೆದಂತೆ ಮತ್ತೆ ಚೌಕಟ್ಟು.

ನಿಲ್ಲಿಸಲು ಹೋದೆ. ಚಾಚಾ ನನ್ನ ಕೈ ಹಿಡಿದರು.

"ತಡಿ. ಹಿಂದೆ ಬಾಗ್ಲಲ್ಲಿ ಯಾರೋ ನಿಂತವ್ರೆ."

ಫೋಟೊದಲ್ಲಿ ಆಕೆಯ ಭುಜದ ಹಿಂದೆ, ಇದೇ ಮನೆಯ ಒಳಕೋಣೆಯ ಬಾಗಿಲ ಕತ್ತಲಲ್ಲಿ ಉದ್ದನೆಯ ಆಕಾರವೊಂದಿತ್ತು. ತಲೆ ಕೊಂಚ ವಾಲಿದಂತಿತ್ತು.

"ನೇತು ಹಾಕಿದ ಬಟ್ಟೆ ಇರಬಹುದು ಚಾಚಾ."

"ಅಲ್ಲಿ ಬಟ್ಟೆ ಹಾಕೋಕೆ ಏನೂ ಇಲ್ಲ. ಫೋಟೊ ತೆಗೆದವನು ನಾನೇ. ಆವತ್ತು ನಾವಿಬ್ರೇ ಇದ್ದಿದ್ದು. ಆಮೇಲೆ ಅವಳು ಮಲಗಿದವಳು ಏಳಲೇ ಇಲ್ಲ."

ನಾನು ಸ್ಕ್ರಿಪ್ಟ್ ನಿಲ್ಲಿಸಿ, ಫೋಟೊದ ಅಗಲವನ್ನು ಪುಟದ ಮೂವತ್ತು ಪರ್ಸೆಂಟ್‌ಗೆ ಇಳಿಸಿದೆ. ಬಾಗಿಲು ಬರೀ ಕಪ್ಪು ಪಟ್ಟಿಯಾಯಿತು.

"ದೊಡ್ಡ ಟೀವೀಲಿ ನೋಡಿದ್ರೆ?"

"ಪರದೆ ದೊಡ್ಡದಾದಷ್ಟೂ ಇದೂ ದೊಡ್ಡದಾಗುತ್ತೆ."

"ಬ್ಯಾಡ ಬೇಟಾ. ಎಲ್ಲೇ ನೋಡಿದ್ರೂ ಇಷ್ಟೇ ಇರೋ ಹಂಗೆ ಮಾಡು."

"ಆ ಬಾಗಿಲಿನ ಭಾಗ ಕತ್ತರಿಸಿಬಿಡಲಾ?"

"ಅವಳ ಭುಜಾನೂ ಹೋಗ್ತದೆ. ಬ್ಯಾಡ."

ಪರ್ಸೆಂಟ್ ತೆಗೆದು, ಬದಲಾಗದ ಅಳತೆ ಕೊಟ್ಟೆ. ಪುಟವನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸಿದೆ. ಫೋಟೊ ಅಲುಗಲಿಲ್ಲ. ಚಾಚಾ ಅದನ್ನೇ ನೋಡುತ್ತ ಕೂತಿದ್ದರು. ನಾನು ಮಾತ್ರ ಹಿಂದೆ ತಿರುಗಿ ನೋಡಲು ಹೋಗಲಿಲ್ಲ. ಅದೇ ಒಳಕೋಣೆಯ ಬಾಗಿಲು ಇದ್ದದ್ದು ನನ್ನ ಬೆನ್ನಿಗೇ.

ಕೊನೆಗೆ ಅವರೇ ಎದ್ದರು.

"ನಡಿ, ಟೀ ಹೊರಗೆ ಕುಡಿಯೋಣ" ಎಂದು ರಸ್ತೆಗಿಳಿದರು.