ರೋಮನ್ ದಾರಿಯಲ್ಲಿ ಹಿಂದಿನಿಂದ ಕೇಳಿದ್ದು

ದೆವ್ವ, ಪ್ರೇತ ಎಂದರೆ ನಗುತ್ತಿದ್ದವಳು ನಾನು. ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಹೇಳಿದರೆ, ಪಾಪ, ನಿದ್ದೆ ಸಾಲದೇನೋ ಎಂದುಕೊಳ್ಳುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿದಾರಿಯಲ್ಲಿ, ಹಾಡಹಗಲಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವು ಹೇಗೆ ಬೇಕಾದರೂ ತೆಗೆದುಕೊಳ್ಳಿ.

ನಾವಿರುವುದು ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ. ನನ್ನ ಯಜಮಾನರು ರಸ್ತೆ ಇಂಜಿನಿಯರ್. ಅವರಿಗೊಂದು ಚಾಳಿಯಿತ್ತು. ನಾನು ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ "ಎಲ್ಲಿಗೆ ಹೊರಟೆ?" ಎನ್ನುತ್ತಿದ್ದರು. ಹೊರಟವರನ್ನು ಹಾಗೆ ಕೇಳಬಾರದೆಂದು ಮೈಸೂರಿನ ನಮ್ಮಿಬ್ಬರ ಮನೆಗಳಲ್ಲೂ ಹೇಳಿಕೊಟ್ಟಿದ್ದರು. ಕೇಳಿದರೆ ವಾಪಸು ಬಂದು, ಕೂತು, ನೀರು ಕುಡಿದು ಹೊರಡಬೇಕು. ನನಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಕೂರದೆ ಹೋಗಲು ಕಾಲೂ ಬರುತ್ತಿರಲಿಲ್ಲ.

"ರೀ, ಬಸ್ ಹೋಗುತ್ತೆ. ಬೇಕೂಂತ್ಲೇ ಕೇಳ್ತೀರಲ್ಲ?"

"ಕೂತ್ಕೊಳ್ಳೇ, ಇನ್ನೊಂದು ಬರುತ್ತೆ," ಎಂದು ತಾವೇ ಲೋಟ ತಂದುಕೊಡುತ್ತಿದ್ದರು.

ಅವರು ಹೃದಯಾಘಾತದಿಂದ ಹೋದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತಿದ್ದೆ, ಅಷ್ಟೆ. ದಿನಾ ಬಸ್ಸಿಗೆ ಮೊದಲೇ ಹೋಗಿ ಕಾಯುತ್ತಿದ್ದೆ.

ರೋಮನ್ನರು ಹಾಕಿದ ರಸ್ತೆಯ ಮೇಲೆ ನಡೆಯಬೇಕೆಂಬುದು ಅವರ ಆಸೆ. "ನಾವು ಹಾಕಿದ್ದು ಒಂದು ದೊಡ್ಡ ಮಳೆಗೆ ಕಿತ್ಕೊಂಡು ಹೋಗುತ್ತೆ ಕಣೆ. ಅವರದು ನೋಡು, ಎರಡು ಸಾವಿರ ವರ್ಷ ಆದ್ರೂ ಜನ ಅದೇ ಗೆರೆ ಮೇಲೆ ಓಡಾಡ್ತಾರೆ," ಎನ್ನುತ್ತಿದ್ದರು. ಆ ಪ್ರವಾಸ ಮುಂದಕ್ಕೆ ಹೋಗುತ್ತಲೇ ಇತ್ತು. ವರ್ಷದ ತಿಥಿ ಮುಗಿದ ಮೇಲೆ ಮಗಳು ಮೇಘನಾ ನನ್ನನ್ನು ಇಂಗ್ಲೆಂಡಿನ ಅಂಥದೊಂದು ದಾರಿಗೆ ಕರೆದುಕೊಂಡು ಹೋದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದು ಕಾರು ಹೋಗುವಷ್ಟು ಅಗಲದ ಡಾಂಬರು ದಾರಿ, ಎರಡೂ ಕಡೆ ಮೊಣಕಾಲೆತ್ತರದ ಗಿಡದ ಬೇಲಿ, ಆಚೆ ಕೊಯ್ಲು ಮುಗಿದ ಗೋಧಿ ಹೊಲ. ಆದರೆ ದಾರಿ ಮಾತ್ರ ದಾರ ಹಿಡಿದು ಎಳೆದ ಹಾಗೆ ನೇರ. ಹಿಂದೆ ಮುಂದೆ ಕಣ್ಣು ಹೋದಷ್ಟು ದೂರವೂ ಕಾಣುತ್ತಿತ್ತು. ಕಾರು ನಿಲ್ಲಿಸಿ ಇಳಿದೆವು. ಬಿಸಿಲು ಹಿತವಾಗಿತ್ತು. ಬ್ಯಾಗು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಇಟ್ಟಿರಬೇಕು.

"ಎಲ್ಲಿಗೆ ಹೊರಟ್ರಿ?"

ಹಿಂದಿನಿಂದ, ಅವರದೇ ದನಿ, ಅದೇ ತುಂಟತನ. ದುಃಖದಲ್ಲಿರುವ ಕಿವಿ ಏನೇನೋ ಕೇಳಿಸಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಳ್ಳುವ ಮೊದಲೇ, ಪಕ್ಕದಲ್ಲಿ ಫೋನು ನೋಡುತ್ತ ನಡೆಯುತ್ತಿದ್ದ ಮೇಘನಾ ತಲೆಯೆತ್ತದೆ ಅಂದಳು: "ಜಸ್ಟ್ ಎ ವಾಕ್, ಅಪ್ಪಾ."

ಅಂದವಳು ನಿಂತುಬಿಟ್ಟಳು. ಇಬ್ಬರೂ ತಿರುಗಿದೆವು. ನಮ್ಮ ಕಾರು, ಬಿಸಿಲು, ನೇರ ದಾರಿ. ಬೇರೆ ಯಾರೂ ಇರಲಿಲ್ಲ.

"ಅಮ್ಮಾ, ಯು ಹರ್ಡ್ ಇಟ್?"

"ಕೂತ್ಕೋ," ಅಂದೆ. "ನೀರಿನ ಬಾಟ್ಲು ತೆಗಿ."

ದಾರಿಯಂಚಿನ ಹುಲ್ಲಿನ ಮೇಲೆ ಕೂತು ಒಂದೇ ಬಾಟಲಿಯಿಂದ ಇಬ್ಬರೂ ಕುಡಿದೆವು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗೆ ಹೆದರಿಕೆಯಾಗಲಿಲ್ಲ. ಅವರು ಹೋದ ಮೇಲೆ ಮೊದಲ ಬಾರಿಗೆ ನಾನು ಯಾವುದಕ್ಕೂ ಆತುರಪಡದೆ ಕೂತಿದ್ದೆ. ಆಮೇಲೆ ಎದ್ದು ದಾರಿ ಮುಗಿಯುವವರೆಗೂ ನಡೆದೆವು. ಮತ್ತೆ ಯಾರೂ ಕೇಳಲಿಲ್ಲ.

ಪರ್ತಿನಲ್ಲಿರುವ ಮೈದುನನಿಗೆ ಫೋನಿನಲ್ಲಿ ಹೇಳಿದರೆ, "ಏನತ್ತಿಗೆ, ಅಲ್ಲಿಗೂ ಬಂದು ಕಾಡಿದ್ನಾ ನಮ್ಮಣ್ಣ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, ಹೊಲದಲ್ಲಿ ಯಾರೋ ಮಾತಾಡಿರಬೇಕು ಅಂದ. ಆ ಹೊಲದಲ್ಲಿ ಕನ್ನಡ ಮಾತಾಡುವವರು ಯಾರು? ನಾವಿಬ್ಬರೂ ಅವರನ್ನೇ ನೆನೆಯುತ್ತಿದ್ದೆವು, ನಿಜ. ಆದರೆ ಎರಡು ಮನಸ್ಸುಗಳು ಒಂದೇ ಕ್ಷಣದಲ್ಲಿ ಒಂದೇ ಮಾತನ್ನು ಹುಟ್ಟಿಸಿಕೊಳ್ಳುತ್ತವೆಯೇ? ನನಗೆ ಗೊತ್ತಿಲ್ಲ. ಬಹಳ ಯೋಚಿಸಿದ್ದೇನೆ, ಗೊತ್ತಾಗಿಲ್ಲ.

ಈಗ ನಾನು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮೇಘನಾ ತನ್ನ ಕೋಣೆಯಿಂದ, ಇಂಗ್ಲಿಷ್ ಬಿಟ್ಟು, ಕೂಗುತ್ತಾಳೆ: "ಎಲ್ಲಿಗೆ ಹೊರಟೆ?" ನಾನು ಬೈಯುತ್ತ ವಾಪಸು ಬಂದು ಕೂರುತ್ತೇನೆ. ಅವಳು ಲೋಟ ತಂದುಕೊಡುತ್ತಾಳೆ. ಬಸ್ಸು ಹೋಗುತ್ತದೆ.